ಹಸಿರು ಮಹಡಿ

ತಾಲಿನ್ನಿನ ಬಂದರಿಗೆ ಬೆನ್ನು ಮಾಡಿ ನಿಂತ ಕಟ್ಟಡ.
ನೆಲಮಾಳಿಗೆಯಲ್ಲಿ ಉರ್ಮಸ್, ಆರುತ್ತಿರುವ ಚಹಾ,
ಪರದೆಯ ಮೇಲೆ ಆರು ಮಹಡಿಗೆ ಆರು ಬಣ್ಣದ ಪಟ್ಟಿ.
ಎರಡನೆಯದು ಕೆಂಪು: ಲಿಫ್ಟಿನ ಬಾಗಿಲು
ಒಂಬತ್ತಕ್ಕೆ ಹತ್ತು ನಿಮಿಷವಿರುವಾಗಲೇ ಹಟ ಹಿಡಿಯುತ್ತದೆ.
ಅದು ಗೊತ್ತಾದದ್ದೂ ಈ ಲೆಕ್ಕದಿಂದಲೇ, ಸುಳ್ಳಲ್ಲ.

ಐದನೆಯದು ಮಾತ್ರ ಮಾರ್ಚಿನಿಂದ ಹಸಿರು.
ಒಂದೂ ದೂರಿಲ್ಲ.
ಮ್ಯಾನೇಜರ್ ಹಿಗ್ಗಿದ: ಅಲ್ಲಿಗೆ ತಿಂಗಳಿಗೊಂದು ಸುತ್ತು ಸಾಕು.

ಉರ್ಮಸ್ ಏಣಿ ಹೊತ್ತು ಹತ್ತಿದ.
ನಲ್ಲಿ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಸಂದಿಯಲ್ಲಿ
ಸಮುದ್ರದ ಗಾಳಿ ಸಿಳ್ಳೆ ಹಾಕುತ್ತಿತ್ತು.
ರೇಡಿಯೇಟರಿನ ಕೆಳಗೆ ಯಾರೋ ಹೂದಾನಿ ಇಟ್ಟಿದ್ದರು,
ಹೂವಿಗಲ್ಲ.

ಹಳೆಯ ದೂರು ತೆರೆದ. ಇನ್ನೂರ ಹನ್ನೆರಡು.
ಎಲ್ಲದರ ಕೆಳಗೂ ಒಂದೇ ಹೆಸರು,
ಲೈಡಾ ಕಸೆಮೆಟ್ಸ್, ಲೆಕ್ಕಪತ್ರ ವಿಭಾಗ.
"ಮತ್ತೆ ಅದೇ ಕಿಟಕಿ."
"ಮತ್ತೆ. ದಯವಿಟ್ಟು."
ಫೆಬ್ರವರಿ ಕೊನೆಗೆ ನಿವೃತ್ತಿ;
ಕೇಕಿನ ಚೂರು ನೆಲಮಾಳಿಗೆಗೂ ಇಳಿದು ಬಂದಿತ್ತು.

ತಲೆ ತಿನ್ನುವವಳು ಎಂದು ಎಷ್ಟು ಗೊಣಗಿದ್ದ!
ಈಗ ಅವಳ ತಾರೀಖುಗಳನ್ನು ಒಂದರ ಕೆಳಗೊಂದು ಇಟ್ಟರೆ
ಮೊದಲ ಹಿಮಕ್ಕೆ ಮೂರ್ನಾಲ್ಕು ದಿನ ಮುಂಚೆ,
ವರ್ಷವರ್ಷವೂ, ಅದೇ ವಾಲ್ವು.

ಅಕ್ಟೋಬರ್ ಹತ್ತೊಂಬತ್ತು. ಮೋಡ ಕೆಳಗಿಳಿದಿದೆ.
ಹೊಸ ದೂರು, ಐದನೇ ಮಹಡಿ.
ಬರೆದವರು: ಉರ್ಮಸ್.
ಪಟ್ಟಿ ಹಳದಿಗೆ ತಿರುಗಿತು.
ಅವನಿಗೇಕೋ ಸಮಾಧಾನ.