ಬಳಸಿದ್ದು

ಟೆಮಾ ಬಂದರಿಗೆ ಬಂದ ಕಂಟೇನರಿನಲ್ಲಿ
ಫ್ರಿಜ್ಜುಗಳ ಹೊಟ್ಟೆಯೊಳಗೆ ತುರುಕಿ ಕಳಿಸಿದ್ದರು
ನಲವತ್ತು ಹಾರ್ಡ್ ಡಿಸ್ಕು, ಹಳೆ ಟವೆಲಿನಲ್ಲಿ ಸುತ್ತಿ.
ಅಶಾಯ್‌ಮಾನಿನ ನನ್ನ ಅಂಗಡಿ ಎಂದರೆ
ಒಂದು ತಗಡಿನ ಪೆಟ್ಟಿಗೆ, ಒಂದು ಫ್ಯಾನು,
ಜಿಫಾ ಕಂಪ್ಯೂಟರ್ಸ್ ಎಂದು ತಮ್ಮ ಸೊಟ್ಟಗೆ ಬರೆದ ಹಲಗೆ.
ಆರು ಸತ್ತಿದ್ದವು. ಎರಡು ಕೆಮ್ಮುತ್ತಿದ್ದವು.
ಉಳಿದವು, ಕಿವಿಗಿಟ್ಟರೆ, ಜೇನುಗೂಡು.

ಮಾರಿದವರೆಲ್ಲ ಅಳಿಸಿಯೇ ಕೊಟ್ಟೆವು ಅಂದುಕೊಂಡಿರುತ್ತಾರೆ.
ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಬರಿದು ಮಾಡಿ,
ಕೈ ತೊಳೆದುಕೊಂಡವರು.
ಹೋಗುವುದು ಬಾಗಿಲ ಮೇಲಿನ ಹೆಸರು ಅಷ್ಟೇ.
ಒಳಗೆ ಎಲ್ಲರೂ ಕೂತೇ ಇರುತ್ತಾರೆ, ಕತ್ತಲಲ್ಲಿ,
ಯಾರಾದರೂ ಬಡಿದರೆ ಎದ್ದು ಬರಲು.
ನಾನು ಕಂಡಿದ್ದೇನೆ: ಸಂಬಳದ ಚೀಟಿ, ಹಲ್ಲಿನ ಎಕ್ಸ್‌ರೇ,
ಕಳಿಸದೆ ಉಳಿದ ಕ್ಷಮಾಪಣೆ ಪತ್ರ, ಏಳು ಪ್ರತಿ,
ಒಂದೊಂದರಲ್ಲೂ ಒಂದೊಂದು ಸಾಲು ಕಡಿಮೆ.

ನಿಜವಾಗಿ ಅಳಿಸಬೇಕಾದರೆ ಬರೆಯಬೇಕು.
ಗಿರಾಕಿಗಳಿಗೆ ಹೇಳಿದರೆ ನಗುತ್ತಾರೆ.
ಈ ಅಂಚಿನಿಂದ ಆ ಅಂಚಿಗೆ ಸೊನ್ನೆ,
ಅದರ ಮೇಲೆ ಅರ್ಥವಿಲ್ಲದ ಗೀಚು,
ಮತ್ತೆ ಸೊನ್ನೆ.
ನನ್ನಷ್ಟು ಬರೆದವರು ಈ ಊರಲ್ಲಿ ಯಾರೂ ಇಲ್ಲ,
ಓದಿದವರಂತೂ ಒಬ್ಬರೂ ಇಲ್ಲ.
ಯಾರನ್ನೂ ಅಳಿಸದ ಹಾಗೆ ಅಳಿಸುವುದು ನನ್ನ ಕಸುಬು.
ಇಣುಕಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ;
ತಿಂಗಳಿಗೊಮ್ಮೆ ಮುರಿಯುತ್ತೇನೆ.

ಈ ಸಲ ಒಂದು ನಾಯಿ.
ಹೆಸರು ಬೂಫ್. ಕಡತಗಳ ಮೇಲೆಲ್ಲ ಅದೇ, ಮುಂದೆ ಇಸವಿ.
ಹದಿಮೂರು ವರ್ಷ, ಒಂದೇ ನಾಯಿ.
ಶೂ ಒಳಗೆ ನಿದ್ದೆಹೋದ ಮರಿ,
ಹೆಪ್ಪುಗಟ್ಟಿದ ಕಾಲುವೆಯ ಮೇಲೆ ನಾಲ್ಕು ಕಾಲಿಗೆ ನಾಲ್ಕು ದಿಕ್ಕು,
ಸೈಕಲ್ಲಿನ ಬುಟ್ಟಿಯಿಂದ ಹೊರಗೆ ಚಾಚಿದ ಮೂತಿ.
ತೆಗೆದವನ ಮುಖ ಒಂದರಲ್ಲೂ ಇಲ್ಲ.
ಹಿಮದ ಮೇಲೆ ಅವನ ನೆರಳು ಮಾತ್ರ,
ಟೋಪಿ ಹಾಕಿದ ಉದ್ದನೆ ನೆರಳು.
ನಾಯಿ ಅದನ್ನು ಮೂಸುತ್ತಿದೆ.

ಸಾಕು ಎಂದು ಒತ್ತಿದೆ.
ಶೇಕಡಾ ಮೂವತ್ತೆಂಟಕ್ಕೆ ಕರೆಂಟು ಹೋಯಿತು.
ಡುಮ್‌ಸೋರ್ ಎನ್ನುತ್ತೇವೆ ನಮ್ಮಲ್ಲಿ, ಆರು, ಹತ್ತು,
ಇಡೀ ದೇಶವೇ ಒಮ್ಮೆ ಸೊನ್ನೆ, ಒಮ್ಮೆ ಒಂದು.
ಪಕ್ಕದಂಗಡಿಯ ಎಸೆನಾಮ್ ರಟ್ಟು ಬೀಸಿಕೊಳ್ಳುತ್ತ
ಕೆಂಕೆ, ಹುರಿದ ಮೀನು ತಂದಳು.
ಹರ್ಮಟಾನ್ ಗಾಳಿ, ಬಾಯಲ್ಲೆಲ್ಲ ಧೂಳು.
ಏನಿದೆ ಅದರಲ್ಲಿ, ಎಂದಳು.
ನಾಯಿ, ಎಂದೆ.
ಕಚ್ಚುತ್ತದಾ?

ಬೆಳಕು ಬಂದಾಗ ಹುಡುಕುವ ಪ್ರೋಗ್ರಾಮ್ ಬಿಟ್ಟು ನೋಡಿದೆ.
ನೋಡಬಾರದಿತ್ತು.
ಮರಿ ಇರಲಿಲ್ಲ. ಕಾಲುವೆ ಇರಲಿಲ್ಲ. ಬುಟ್ಟಿ ಇರಲಿಲ್ಲ.
ಮುದಿಯಾದದ್ದು ಉಳಿದಿತ್ತು:
ಮೂತಿ ಬೆಳ್ಳಗಾಗಿ, ಹಿಂಗಾಲಿಗೆ ಬಟ್ಟೆ ಕಟ್ಟಿಸಿಕೊಂಡು,
ಎಲ್ಲಿಂದ ಬಂದೆನೆಂದು ಗೊತ್ತಿಲ್ಲದೆ
ನೇರ ನನ್ನನ್ನೇ ನೋಡುತ್ತಿತ್ತು.
ಒಂದು ಚಿತ್ರ ಅರ್ಧಕ್ಕೆ ತುಂಡಾಗಿ, ಕೆಳಗೆಲ್ಲ ಬೂದು ಪಟ್ಟಿ.
ಕಿವಿ ಇದೆ, ಕಣ್ಣಿದೆ, ಬಾಯಿಲ್ಲ.
ಇನ್ನೊಂದರಲ್ಲಿ ಕೊರಳ ಬಿಲ್ಲೆ, ಬಿಲ್ಲೆಯ ಮೇಲೆ ಫೋನ್ ನಂಬರು,
ಕೊನೆಯ ಅಂಕಿಯವರೆಗೂ ಸ್ಪಷ್ಟ.
ಕರೆದು ಏನೆನ್ನಲಿ?
ನಿಮ್ಮ ನಾಯಿ ಸಿಕ್ಕಿದೆ ಎನ್ನಲೇ?

ಹೀಗೆ ಅರ್ಧಕ್ಕೆ ಬಿಡುವುದು ಪಾಪ ಅನ್ನಿಸಿತು.
ಮೊದಲಿನಿಂದ ಒತ್ತಿದೆ. ಆ ರಾತ್ರಿ ಅಂಗಡಿಯಲ್ಲೇ ಮಲಗಿದೆ.
ಜೇನುಗೂಡು ಗುಂಯ್‌ಗುಡುತ್ತಿತ್ತು.
ಬೆಳಗಿನ ಜಾವ ನಿಂತಿತು.

ಸೋಮವಾರ ಬಂದವನು ಸೆಲಾಸಿ ಎಂಬ ಹುಡುಗ,
ಶವಸಂಸ್ಕಾರಗಳ ವಿಡಿಯೋ ತೆಗೆಯುವವನು.
ಸತ್ತವರು ಜಾಸ್ತಿ, ಜಾಗ ಸಾಲದು, ಎಂದ.
ಪೂರ್ತಿ ಖಾಲಿ ತಾನೇ?
ಪೂರ್ತಿ, ಎಂದೆ.
ಕೈಯಲ್ಲಿ ತಿರುಗಿಸಿದ, ಗೀರು ಹುಡುಕಿದ, ತೂಗಿ ನೋಡಿದ,
ಹೊಸದಕ್ಕೂ ಇದಕ್ಕೂ ತೂಕ ಒಂದೇ ಎಂದು ಗೊತ್ತಿದ್ದೂ.
ಆದರೂ ಬಳಸಿದ್ದಲ್ಲವಾ ಅಕ್ಕ, ಎಂದ.

ಹತ್ತು ಸೆಡಿ ಕಡಿಮೆ ಮಾಡಿದೆ.