ಪ್ರೂಫು

ಬೆಟಗೇರಿಯೊಳಗ ನೇಕಾರ ಓಣಿಗೆ ಹೊಂದಿ ನಮ್ಮ ಪ್ರೆಸ್ಸು.
"ಆಟಿಸಂ ತೊಂಬತ್ತು ದಿನದಾಗ ಪೂರಾ ಗುಣ" –
ಈ ಹಳದಿ ಹ್ಯಾಂಡ್‌ಬಿಲ್ಲು ಎರಡು ಸಾವಿರ ಹೊಡದಾಂವ ನಾನಽ.
'ಗುಣ'ದ ಜಾಗಾದಾಗ 'ಗುನ' ಬಿದ್ದಿತ್ತು,
ತಿದ್ದಿದೆ.
ಅಷ್ಟಽ ನನ್ನ ಕೆಲಸ, ಆವಾಗ.

ಆಮ್ಯಾಲೆ ಮುಕ್ತಾಗ ಮೂರು ತುಂಬಿದ್ರೂ
ಅಪ್ಪಾ ಅನಲಿಲ್ಲ.
ಅದಽ ಬಿಲ್ಲು ಮಡಚಿಕೊಂಡು ಬಂದಳು ಅವ್ವ,
ಸೆರಗಿನ ಗಂಟಿನಾಗ ಪುಡಿಯ ರೊಕ್ಕಾ ಸಹಿತ.
ಓದಿ ನೋಡಿದೆ. ಒಂದೂ ತಪ್ಪಿರಲಿಲ್ಲ.

ಧಾರವಾಡದ ಡಾಕ್ಟರಬಾಯಿಗೆ ಕೇಳಿದೆ: ಗುಣ ಯಾವಾಗ?
ಅವರು ತಾರೀಖು ಕೊಡಲಿಲ್ಲ.
"ಇದು ಜಡ್ಡಲ್ಲ" ಅಂದ್ರು ಒಂದು ಸಲ,
"ಗೊತ್ತಿಲ್ಲ" ಅಂದ್ರು ಎರಡು ಸಲ,
ನೆಲಕ್ಕಽ ಕುಂತು ಮುಕ್ತಾನ್ನ ಒಂದು ತಾಸು ನೋಡಿದ್ರು.
ಆ 'ಗೊತ್ತಿಲ್ಲ'ದ ಮ್ಯಾಲ ನನಗ ನಂಬಿಗಿ ಬಂತು.
ಅಣ್ಣಿಗೇರಿ ದಾಟೂತನಕ
ಅದನ್ನಽ ಬಾಯಾಗ ಹೊಳ್ಳಿಮಳ್ಳಿ ಓದಿಕೊಂಡೆ.

ಕಟಿಂಗ್ ಮಷೀನಿನ ಕೆಳಗ ಬಿದ್ದ ಹಳದಿ ಚೂರು
ಮುಕ್ತಾ ಉದ್ದಕ್ಕ ಜೋಡಸ್ತಾಳ, ಅಂಚಿಗೆ ಅಂಚು.
ಕೂದಲೆಳಿಯಷ್ಟು ಸರಿದ್ರೂ ತಡಿಯಂಗಿಲ್ಲ.
ನನ್ನ ಬೆರಳು ಹಿಡಿದು ಅಲ್ಲೇ ಒಯ್ದು ಇಡ್ತಾಳ:
ಮಾತಿಲ್ಲ, ನೋಡು ಅಂತ.

ನಿನ್ನೆ ಆ ಗಿರಾಕಿ ಮತ್ತ ಬಂದಿದ್ದ, ಐದು ಸಾವಿರಕ್ಕ.
ಪ್ರೂಫು ಹಾಸಿಕೊಂಡು ಕೆಂಪು ಪೆನ್ನು ಹಚ್ಚಿದೆ
ಮೊದಲನೇ ಅಕ್ಷರಕ್ಕ.
ಎಲ್ಲಿ ನಿಲ್ಲಸಬೇಕೋ ತಿಳೀಲಿಲ್ಲ.