ನಲವತ್ತೊಂದನೆಯ ಬಾಬ್ತು

ಸಭೆ ಶುರುವಾದದ್ದು ಎರಡೂ ಹತ್ತಕ್ಕೆ.
ಹೊರಗೆ ಡಕೋಟಾದ ಫೆಬ್ರುವರಿ,
ಸೊನ್ನೆಗಿಂತ ಇಪ್ಪತ್ತು ಕೆಳಗೆ.
ನಾನು ನಡಾವಳಿ ಬರೆಯುವವಳು.
ಹತ್ತೊಂಬತ್ತು ವರ್ಷದಿಂದ
ಯಾರು ಏನಂದರೋ ಅಷ್ಟೇ ಬರೆದಿದ್ದೇನೆ,
ನಾನು ಅಂದುಕೊಂಡದ್ದು ಒಂದಕ್ಷರವೂ ಇಲ್ಲ.

ನಲವತ್ತನೆಯ ಬಾಬ್ತು: ಮೈದಾನದ ದೀಪಗಳು.
ಮೂರು ಲಕ್ಷ ಡಾಲರು. ಯಾರೂ ಕೆಮ್ಮಲಿಲ್ಲ.
ನಲವತ್ತೊಂದು: ಆಟಗಾರರಿಗೆ
ನಡತೆ ಮತ್ತು ಬದುಕಿನ ಪಾಠ,
ಮಂಗಳವಾರ ಸಂಜೆ, ನೆಲಮಾಳಿಗೆ,
ಕಲಿಸುವವರು ವರ್ನಾ ಟೊಲೆಫ್ಸನ್.
ಇಪ್ಪತ್ತಾರು ಸಾವಿರ.
ಎಲ್ಲರ ಕನ್ನಡಕವೂ
ಮೂಗಿನ ತುದಿಗೆ ಇಳಿಯಿತು.

"ನಡತೆಯನ್ನು ದುಡ್ಡು ಕೊಟ್ಟು ಕಲಿಸಲಾದೀತೆ?"
ಲಿಂಡ್‌ಕ್ವಿಸ್ಟ್ ಕೇಳಿದರು, ತತ್ತ್ವಶಾಸ್ತ್ರ ವಿಭಾಗ.
"ಮೈದಾನವೇ ಗುರು, ಸೋಲೇ ಪಾಠ ಅಂತ
ಇಷ್ಟು ಕಾಲ ಹೇಳಿಕೊಂಡು ಬಂದವರು ನೀವೇ ಅಲ್ಲವೆ?"
ಕೋಚ್ ಬ್ರ್ಯಾನಿಗನ್ ಬೆರಳಿನ ನೆಟಿಕೆ ಮುರಿದರು.
"ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ಓದುವ ಹುಡುಗಿಗೆ
ಈ ಪಾಠ ಬೇಡವೆ?
ಅವಳು ಚೆಂಡು ಹಿಡಿಯುವುದಿಲ್ಲ ಅಂತಲೆ?"

ಮಾತು ಸರಿ.
ಸರಿ ಎಂದು ನಾನು ಬರೆಯುವ ಹಾಗಿಲ್ಲ.
"ಪ್ರೊಫೆಸರರು ಪ್ರಶ್ನೆ ಎತ್ತಿದರು" ಎಂದು ಬರೆದೆ.

ಆಮೇಲೆ ಅವನನ್ನು ಒಳಗೆ ಕರೆದರು.
ತವೀಟಾ ಫುಯಿಮಾವೊನೊ, ಸಮೋವಾ ದ್ವೀಪದವನು.
ಬಾಗಿಲಲ್ಲಿ ತಲೆ ಬಗ್ಗಿಸಿ ಬಂದ.
ಊರುಗೋಲನ್ನು ಗೋಡೆಗೆ ಆನಿಸಿಟ್ಟ,
ಅದು ಎರಡು ಸಲ ಜಾರಿ ಬಿತ್ತು,
ಎರಡು ಸಲವೂ ಕ್ಷಮೆ ಕೇಳಿದ, ಊರುಗೋಲನ್ನೇ ಎಂಬಂತೆ.

"ಏನು ಕಲಿತೆ?" ಡೀನ್ ಕೇಳಿದರು.
ತುಂಬ ಹೊತ್ತು ಯೋಚಿಸಿ
"ಮೊಟ್ಟೆ ಬೇಯಿಸೋದು" ಅಂದ.
ಯಾರೋ ನಕ್ಕರು.
"ಬ್ಯಾಂಕಿಂದ ಕಾಗದ ಬಂದ್ರೆ ಒಡೆದು ನೋಡೋದು.
ಮೊದಲು ಹಾಸಿಗೆ ಕೆಳಗೆ ಇಡ್ತಿದ್ದೆ.
ಮತ್ತೆ, ವರ್ನಾ ಮೇಡಂ ಒಂದಿನ
ನಿಮ್ಮ ಬಗ್ಗೆ ಐದು ವಾಕ್ಯ ಬರೀರಿ,
ಆಟದ ಸುದ್ದಿ ಬರಕೂಡದು ಅಂದ್ರು.
ನಾನು ಹೆಸರು ಬರೆದೆ.
ಅಷ್ಟೊತ್ತಿಗೆ ಗಂಟೆ ಆಯ್ತು."

ನಗು ನಿಂತದ್ದನ್ನು
ನಡಾವಳಿಯಲ್ಲಿ ಕಾಣಿಸುವ ಪದ್ಧತಿ ಇಲ್ಲ.

ನನ್ನ ತಮ್ಮ ಆರ್ವಿಡ್ ಕುಸ್ತಿಯವನು.
ಅವನ ಫೋಟೊ ಈಗಲೂ ಕೆಳಗಿನ ಹಜಾರದಲ್ಲಿದೆ,
ಮೂರನೆಯ ಸಾಲು, ಬಾತಿದ ಕಿವಿ, ಹಲ್ಲುಬಿಟ್ಟ ನಗೆ.
ಮಕ್ಕಳ ಆಟದಲ್ಲಿ ತೀರ ಚಿಕ್ಕವರನ್ನು
ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಾರಲ್ಲ,
ಅವನದು ತಿರುಗುಮುರುಗು.
ನಾಲ್ಕು ವರ್ಷ ಎಲ್ಲ ಲೆಕ್ಕವೂ ಅವನದೇ:
ತೂಕ, ಉಸಿರು, ಟಿಕೆಟ್ಟು, ತಿಂದ ಬ್ರೆಡ್ಡಿನ ಚೂರು.
ಭುಜ ಕಳಚಿದ ಮೇಲೆ ಆಟವೂ ಇಲ್ಲ,
ಲೆಕ್ಕವೂ ಇಲ್ಲ.
ಗೋಧಿ ಗೋದಾಮಿನಲ್ಲಿ ಕೆಲಸಕ್ಕಿದ್ದ.
ಅವನು ಹೋದ ಮೇಲೆ ಟ್ರಕ್ಕು ಶುಚಿ ಮಾಡಿದವಳು ನಾನು.
ಸೀಟಿನಡಿ ನೂರಾ ಹನ್ನೆರಡು ಲಕೋಟೆ.
ಒಂದನ್ನೂ ಒಡೆದಿರಲಿಲ್ಲ.

ಮೊಟ್ಟೆ ಬೇಯಿಸಲು ಬಂದಿದ್ದರೆ ಉಳಿಯುತ್ತಿದ್ದನೆ?
ಗೊತ್ತಿಲ್ಲ.
ಲಿಂಡ್‌ಕ್ವಿಸ್ಟರಿಗೂ ಗೊತ್ತಿರಲಾರದು.
ಆದರೆ ದೀಪಗಳ ಬಗ್ಗೆ
ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ,
ಬೆಳಕು ಸಿಕ್ಕರೆ ಯಾರು ಉಳಿಯುತ್ತಾರೆ ಅಂತ.

ಮೂರೂ ಐವತ್ತಕ್ಕೆ ತೀರ್ಮಾನ:
ಹದಿಮೂರು ಸಾವಿರ.
ಅರ್ಧ ಮಂಗಳವಾರ.
ತಟ್ಟೆ ತೊಳೆಯುವ ಹುಡುಗಿಯ ವಿಷಯ
ಮುಂದಿನ ಸಭೆಗೆ.

ಮೊಗಸಾಲೆಯಲ್ಲಿ ಅವನು ಕೋಟಿನ ಗುಂಡಿಗಳ ಜತೆ
ಹೆಣಗುತ್ತ ನಿಂತಿದ್ದ.
ಊರುಗೋಲು ಹಿಡಿದುಕೊಂಡೆ.
"ಹೆಸರಾದ ಮೇಲೆ
ಎರಡನೆಯ ವಾಕ್ಯ ಏನು ಬರೀತಿದ್ದೆ?" ಕೇಳಿದೆ.
ಕೇಳಬಾರದಿತ್ತೇನೋ.
ಗಾಜಿನಾಚೆಯ ಹಿಮ ನೋಡಿದ.
"ನಂಗೆ ಇಲ್ಲಿ ತುಂಬ ಚಳಿ ಆಗತ್ತೆ" ಅಂದ,
ಮೂರು ವರ್ಷದಲ್ಲಿ ಯಾರಿಗೂ ಹೇಳದ್ದನ್ನು
ಹೇಳಿದವನ ಹಾಗೆ.

ನನ್ನ ಪುಸ್ತಕ ತೆರೆದೆ.
ನಲವತ್ತೊಂದರ ಎದುರು, ಅಂಚಿನಲ್ಲಿ,
ಅದನ್ನು ಬರೆದುಕೊಂಡೆ.